ಅಲಸಂಡೆ ಹೇನಿಗೆ ಹೊಗೆಸೊಪ್ಪಿನ ಕಷಾಯ ಮಾಡುದು ಹೇಗೆ

ಮಳೆ ಬಿಟ್ಟು ಹಿತ್ಲಿನ ಅಲಸಂಡೆ ಚಪ್ಪರಕ್ಕೆ ಹತ್ತುವಷ್ಟರಲ್ಲಿ ಕಪ್ಪು ಹೇನು ಹಾಜರ್. ಕುಡಿಯಲ್ಲಿ, ಹೂವಿನ ತೊಟ್ಟಲ್ಲಿ ಮಸಿ ಮೆತ್ತಿದ ಹಾಗೆ ಕೂತಿರ್ತದೆ, ಮುಟ್ಟಿದ್ರೆ ಕೈಯೆಲ್ಲ ಅಂಟು. ಹೇನು ನಮ್ಮ ಕಣ್ಣಿಗೆ ಬೀಳುವ ಮೊದ್ಲೇ ಇರುವೆ ಸಾಲು ಬಳ್ಳಿಯಲ್ಲಿ ಮೇಲೆ ಕೆಳಗೆ ಓಡ್ಲಿಕ್ಕೆ ಶುರುವಾಗಿರ್ತದೆ, ಹೇನು ಬಿಡುವ ಸಿಹಿ ನೀರು ನೆಕ್ಲಿಕ್ಕೆ ಬರೂದು ಅವು. ಸಾಲು ಕಂಡ ದಿನವೇ ನೋಡಿ, ಒಂದೆರಡು ಕುಡಿಗೆ ಮಾತ್ರ ಬಂದಿದ್ರೆ ಚಿವುಟಿ ಬಿಸಾಡಿದ್ರೆ ಆಯ್ತು, ಕಷಾಯದ ರಗಳೆಯೇ ಬೇಡ.

ಚಪ್ಪರಕ್ಕಿಡೀ ಹಬ್ಬಿದ್ರೆ ಮಾತ್ರ ಇದು. ಕೇರಳ ಕೃಷಿ ವಿಶ್ವವಿದ್ಯಾಲಯದ ಲೆಕ್ಕ 500 ಗ್ರಾಂ ಹೊಗೆಸೊಪ್ಪು, 4.5 ಲೀಟರ್ ನೀರು, 120 ಗ್ರಾಂ ಬಾರ್ ಸೋಪು. ಹತ್ತು ಬಳ್ಳಿಗೆ ಅಷ್ಟೆಲ್ಲ ಎಂತಕ್ಕೆ, ನಾನು ಕಾಲು ಪಾಲು ಮಾಡುದು, 125 ಗ್ರಾಂ ಸೊಪ್ಪು, ಒಂದು ಲೀಟರಿಗಿಂತ ಚೂರು ಜಾಸ್ತಿ ನೀರು, 30 ಗ್ರಾಂ ಸೋಪು. ಒಂದು ಕಾಲದಲ್ಲಿ ನಮ್ಮ ಕಾಸರಗೋಡಿನ ಪಳ್ಳಿಕ್ಕರೆ, ಹೊಸದುರ್ಗ ಬದಿಯ ಹೊಯ್ಗೆ ಗದ್ದೆಯಲ್ಲೇ ಹೊಗೆಸೊಪ್ಪು ಬೆಳೀತಿದ್ರು, ಈಗ ಎಲೆಯಡಿಕೆ ಅಂಗಡಿಯಲ್ಲಿ ಕೇಳ್ಬೇಕು. ಒಳ್ಳೆ ಎಲೆಯೇ ಆಗ್ಬೇಕು ಅಂತ ಇಲ್ಲ, ಕಡ್ಡಿ, ಪುಡಿ ಸಿಕ್ಕಿದ್ರೂ ಸಾಕು.

ಚೂರು ಮಾಡಿ ಹಳೆ ಬಾಲ್ದಿಯಲ್ಲಿ ನೆನೆಹಾಕಿ 24 ಗಂಟೆ ಬಿಡಿ, ನೀರು ಕಟ್ಟ ಚಾಯದ ಬಣ್ಣಕ್ಕೆ ಬರ್ತದೆ, ಮತ್ತೆ ಹಳೆ ಬೈರಾಸಲ್ಲಿ ಸೋಸಿ. ಇಲ್ಲೊಂದು ವಿಷಯ, ಮೊದಲ ಸಲ ನಾನು ಬರಿಗೈಯಲ್ಲಿ ಹಿಂಡಿ ಹಿಂಡಿ ತೆಗ್ದೆ, ಅರ್ಧ ಗಂಟೆಯಲ್ಲಿ ತಲೆ ಗಿರ್ರಂತ ತಿರುಗಿ ಬಾವಿಕಟ್ಟೆ ಹತ್ರ ಕೂತು ವಾಂತಿ ಮಾಡಿದ್ದು ಈಗ್ಲೂ ನೆನಪುಂಟು. ನಿಕೋಟಿನ್ ಚರ್ಮದಿಂದಲೇ ಒಳಗೆ ಹೋಗ್ತದೆ ಮಾರಾಯ್ರೆ, ಗ್ಲೌಸ್ ಹಾಕಿ. 2000ದವರೆಗೆ ಗೇರುತೋಟಕ್ಕೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಬಿಟ್ಟ ಊರು ನಮ್ದು, ಹಾಗೆ ಅಂಗಡಿಯ ಬಾಟ್ಲಿ ಅಂದ್ರೆ ಹೆದರ್ತೇವೆ, ಮನೆಯಲ್ಲಿ ಮಾಡಿದ್ದಾದ್ರೆ ಅಮೃತ ಅಂತ ತಿಳ್ಕೊಳ್ತೇವೆ. ಇದೂ ವಿಷವೇ. ಮಕ್ಕಳಿಗೆ, ದನಕ್ಕೆ, ನಾಯಿಗೆ ಸಿಗುವಲ್ಲಿ ಇಡ್ಬೇಡಿ. ಅಣ್ಣನ ಮಗ ಒಬ್ಬ ಇದನ್ನೇ ಕುದಿಸಿ ಇಳಿಸಿ ವೇಪಿಗೆ, ಅಂದ್ರೆ ಇ-ಸಿಗರೇಟಿಗೆ, ಹಾಕ್ಬಹುದಾ ಕೇಳಿದ, ಎಷ್ಟು ನಿಕೋಟಿನ್ ಬಿಟ್ಟಿದೆ ಅಂತ ಅಳೀಲಿಕ್ಕೆ ಮನೆಯಲ್ಲಿ ಎಂತ ಉಂಟು, ಮೇಲಿಂದ ಇ-ಸಿಗರೇಟ್ 2019ರಲ್ಲೇ ದೇಶಕ್ಕಿಡೀ ಬ್ಯಾನ್, ಬೈದು ಕಳಿಸಿದೆ.

ಸೋಪನ್ನು ಬೇರೆ ಪಾತ್ರೆಯಲ್ಲಿ ಬಿಸಿನೀರಿಗೆ ತುರಿದು ಹಾಕಿ ಪೂರ್ತಿ ಕರಗಿಸಿ, ಸೋಸಿದ ಕಷಾಯಕ್ಕೆ ನಿಧಾನ ಹೊಯ್ಯುತ್ತಾ ಜೋರು ಕಲಕಿ. ಸೋಪಿಲ್ಲದಿದ್ರೆ ನೀರು ಹೇನಿನ ಮೈಮೇಲೆ ನಿಲ್ಲದೆ ಜಾರಿ ಹೋಗ್ತದೆ. ಮತ್ತೆ ಆರೇಳು ಪಾಲು ನೀರು ಸೇರಿಸಿ, ಇನ್ನೊಮ್ಮೆ ಸೋಸಿ, ಇಲ್ಲದಿದ್ರೆ ಸ್ಪ್ರೇಯರಿನ ನಳಿಗೆ ಕಟ್ಟಿಕೊಳ್ತದೆ. ಮಾಡಿದ ದಿನವೇ ಮುಗಿಸಿ.

ಬೆಳಿಗ್ಗೆ ಹೂವಿಗೆ ಜೇನುನೊಣ ಬರ್ತದೆ, ಹಾಗಾಗಿ ಸಂಜೆಯೇ ಬಿಡಿ, ಗಾಳಿಗೆ ಎದುರು ನಿಲ್ಬೇಡಿ. ಆಗುವ ಕಾಯಿಯನ್ನೆಲ್ಲ ಮೊದ್ಲೇ ಕೊಯ್ದುಬಿಡಿ, ನಾನಂತೂ ಮತ್ತೆ ಒಂದು ವಾರ ಕೊಯ್ಯೂದಿಲ್ಲ. ಟೊಮೆಟೊ, ಮೆಣಸು, ಬದನೆಗೆ ಮಾತ್ರ ಬೇಡ, ಹೊಗೆಸೊಪ್ಪಿನದ್ದೇ ಜಾತಿ ಅವು, ಒಣ ಸೊಪ್ಪಲ್ಲೂ ಮೊಸಾಯಿಕ್ ವೈರಸ್ ಉಳಿದಿರ್ತದೆ.

ಮರುದಿನ ಹೋಗಿ ನೋಡಿ. ಇರುವೆ ಸಾಲು ಇನ್ನೂ ಓಡ್ತಾ ಇದ್ರೆ ಎಲೆಯ ಅಡಿಬದಿಗೆ ಕಷಾಯ ಬಿದ್ದಿಲ್ಲ ಅಂತ.