ಮೊದಲು ಆಸ್ಪತ್ರೆ, ಆಮೇಲೆ ಠಾಣೆ: ಕೋಲಾರ ಜಿಲ್ಲೆಯಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಜೊತೆ ಹೋಗುವವರಿಗೆ

ಇಂಥ ಸಂಕಟ ಬಂದಾಗ ಮನೆಯವರು ಓಡುವುದು ಊರ ಹಿರಿಯರ ಹತ್ತಿರ, ಇಲ್ಲವೇ ಪೊಲೀಸ್ ಠಾಣೆಗೆ. ಎರಡೂ ಮೊದಲ ಹೆಜ್ಜೆಯಲ್ಲ. ಪ್ರಾಣಕ್ಕೆ ಅಪಾಯ ಇನ್ನೂ ಇದ್ದರೆ 112ಕ್ಕೆ ಕರೆ ಮಾಡಿ. ಅಪಾಯದಿಂದ ಪಾರಾಗಿದ್ದರೆ ನೇರವಾಗಿ ಆಸ್ಪತ್ರೆಗೆ ಹೋಗಿ. ದೂರನ್ನು ವಾರ ಬಿಟ್ಟು, ತಿಂಗಳು ಬಿಟ್ಟು ಕೊಟ್ಟರೂ ಠಾಣೆಯವರು ತೆಗೆದುಕೊಳ್ಳಲೇಬೇಕು. ಆದರೆ ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗದಿದ್ದರೆ ಕೆಲಸ ಮಾಡದು.

ಇದನ್ನು ಮುಖ್ಯವಾಗಿ ಜೊತೆಗೆ ಹೋಗುವವರಿಗಾಗಿ ಬರೆದಿದ್ದೇವೆ: ಅಕ್ಕ, ಚಿಕ್ಕಮ್ಮ, ಪಕ್ಕದ ಮನೆಯವರು, ಆಶಾ ಕಾರ್ಯಕರ್ತೆ, ಶಾಲೆಯ ಮೇಡಂ. "ಅಲ್ಲಿಗೆ ಯಾಕೆ ಹೋಗಿದ್ದೆ", "ಕೂಗಲಿಲ್ಲ ಯಾಕೆ" ಎಂದು ಕೇಳಬೇಡಿ. ಭಯದಲ್ಲಿ ಮೈ ಮರಗಟ್ಟುವುದು, ದನಿ ಹೊರಡದೆ ಇರುವುದು ತೀರಾ ಸಾಮಾನ್ಯ. "ನಿನ್ನ ಮಾತು ನಂಬುತ್ತೇನೆ, ನಿನ್ನ ತಪ್ಪಿಲ್ಲ, ನಿನ್ನ ಜೊತೆ ಇರುತ್ತೇನೆ" ಎಂದರೆ ಸಾಕು. ಪ್ರತಿ ಹೆಜ್ಜೆಗೂ ಆಕೆಯನ್ನೇ ಕೇಳಿ, ಆಕೆ ಬೇಡ ಎಂದದ್ದನ್ನು ಮಾಡಬೇಡಿ.

ಮನೆಯಿಂದ ಹೊರಡುವ ಮುಂಚೆ

ಸ್ನಾನ ಮಾಡದೆ, ಬಟ್ಟೆ ಒಗೆಯದೆ ಹೋಗುವುದು ಒಳ್ಳೆಯದು. ಆಗಲೇ ಸ್ನಾನ ಆಗಿದ್ದರೂ, ಎರಡು ದಿನ ಕಳೆದಿದ್ದರೂ ಹೋಗಿ. ದೇಹದೊಳಗಿನ ಮಾದರಿಗಳನ್ನು ಸಾಮಾನ್ಯವಾಗಿ 96 ಗಂಟೆಯವರೆಗೆ, ಅಂದರೆ ನಾಲ್ಕು ದಿನದವರೆಗೆ ತೆಗೆಯುತ್ತಾರೆ. ಬಟ್ಟೆಯ ಮೇಲಿನ ಗುರುತುಗಳು, ಮೈಮೇಲಿನ ಗಾಯಗಳನ್ನು ಅದಾದ ಮೇಲೂ ದಾಖಲಿಸಬಹುದು. ಆ ಹೊತ್ತಿನಲ್ಲಿ ತೊಟ್ಟಿದ್ದ ಬಟ್ಟೆಗಳನ್ನು, ಒಳಉಡುಪು ಸೇರಿದಂತೆ, ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿ. ಪ್ಲಾಸ್ಟಿಕ್ ಕವರ್ ಬೇಡ: ಒಳಗೆ ತೇವ ನಿಂತು ಬೂಷ್ಟು ಹಿಡಿಯುತ್ತದೆ, ಸಾಕ್ಷ್ಯ ಹಾಳಾಗುತ್ತದೆ. ಬಟ್ಟೆ ಮೈಮೇಲೇ ಇದ್ದರೆ ಹಾಗೇ ಹೋಗಿ, ಬದಲಾಯಿಸಿಕೊಳ್ಳಲು ಒಂದು ಜೊತೆ ಕೈಯಲ್ಲಿರಲಿ. ಫೋನಿನ ಮೆಸೇಜು, ಫೋಟೋ, ಕರೆಗಳ ಪಟ್ಟಿ ಅಳಿಸಬೇಡಿ. ಕುಡಿಯಲು ಏನೋ ಬೆರೆಸಿ ಕೊಟ್ಟಿದ್ದರು ಎಂಬ ಅನುಮಾನವಿದ್ದರೆ ಆಸ್ಪತ್ರೆಯಲ್ಲಿ ಮೊದಲು ಆ ಮಾತೇ ಹೇಳಿ. ರಕ್ತ, ಮೂತ್ರದಲ್ಲಿ ಅದರ ಸುಳಿವು ಬೇಗ ಹೋಗಿಬಿಡುತ್ತದೆ.

ಗಾಯವಿದ್ದರೆ 108 ಆಂಬುಲೆನ್ಸ್ ಕರೆಸಿ. ನಡೆಯುವ ಸ್ಥಿತಿಯಲ್ಲಿದ್ದರೆ ಶ್ರೀನಿವಾಸಪುರ, ಮುಳಬಾಗಿಲು, ಮಾಲೂರಿನಿಂದ ಕೋಲಾರಕ್ಕೆ ಬರಲು ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ 2023ರ ಜೂನ್‌ನಿಂದ ಟಿಕೆಟ್ ಹಣವಿಲ್ಲ. ಕೈಯಲ್ಲಿ ಕಾಸಿಲ್ಲ ಎಂಬ ಒಂದೇ ಕಾರಣಕ್ಕೆ ನಾಳೆಗೆ ತಳ್ಳಬೇಡಿ.

ಆಸ್ಪತ್ರೆಯಲ್ಲಿ

ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು, ಹತ್ತಿರದ ತಾಲ್ಲೂಕು ಆಸ್ಪತ್ರೆಗೂ ಹೋಗಬಹುದು. ಖಾಸಗಿಯವರೂ ವಾಪಸು ಕಳಿಸುವಂತಿಲ್ಲ. ಅತ್ಯಾಚಾರಕ್ಕೆ ಒಳಗಾದವರಿಗೆ ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಗಳೂ ಪ್ರಥಮ ಚಿಕಿತ್ಸೆ ಅಥವಾ ವೈದ್ಯಕೀಯ ಚಿಕಿತ್ಸೆಯನ್ನು ಉಚಿತವಾಗಿ ಕೊಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಂ ಹೇಳುತ್ತದೆ. ಕೊಡದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 200ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು. ಬಾಗಿಲಲ್ಲಿ ನಿಂತು ಎಲ್ಲರೆದುರು ವಿಷಯ ಹೇಳಬೇಕಿಲ್ಲ. ತುರ್ತು ವಿಭಾಗದ ನರ್ಸ್ ಹತ್ತಿರ ಹೋಗಿ "ಲೈಂಗಿಕ ದೌರ್ಜನ್ಯದ ಕೇಸು, ಲೇಡಿ ಡಾಕ್ಟರ್ ಬೇಕು, ಬೇರೆ ಕೋಣೆ ಬೇಕು" ಎಂದಷ್ಟೇ ಹೇಳಿ.

ಹೆಚ್ಚಾಗಿ ತೊಡಕು ಬರುವುದು ಇಲ್ಲೇ. "ಪೊಲೀಸರ ಪತ್ರ ತನ್ನಿ, ಎಫ್‌ಐಆರ್ ಆಗಿದೆಯಾ?" ಎಂದು ಕೇಳಿದರೆ ಠಾಣೆಯ ಕಡೆ ತಿರುಗಬೇಡಿ. ಚಿಕಿತ್ಸೆಗಾಗಲಿ ಪರೀಕ್ಷೆಗಾಗಲಿ ಎಫ್‌ಐಆರ್ ಬೇಕಿಲ್ಲ. ಪೊಲೀಸರಿಗೆ ಮಾಹಿತಿ ಮುಟ್ಟಿಸುವ ಹೊಣೆ ಆಸ್ಪತ್ರೆಯದು. ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣದ ಆಸ್ಪತ್ರೆ ದಾಖಲೆ, ಬರೆದುಕೊಂಡು ತಿಳಿಸುತ್ತಾರೆ. ವಯಸ್ಕ ಮಹಿಳೆಗೆ ದೂರು ಕೊಡುವ ಮನಸ್ಸಿಲ್ಲದಿದ್ದರೆ ಅದನ್ನೂ ಬರೆಸಬಹುದು, ಹಾಗೆಂದು ಚಿಕಿತ್ಸೆ ನಿಲ್ಲಬಾರದು. ಮಾತು ಮುಂದುವರಿಯದಿದ್ದರೆ ಆಸ್ಪತ್ರೆಯ ಆರ್‌ಎಂಒ (ನಿವಾಸಿ ವೈದ್ಯಾಧಿಕಾರಿ) ಅಥವಾ ಅಧೀಕ್ಷಕರನ್ನು ಕರೆಸಿ, ಅಲ್ಲೇ ನಿಂತು ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ಒಪ್ಪಿಗೆಯ ಕಾಗದಕ್ಕೆ ಸುಮ್ಮನೆ ಹೆಬ್ಬೆಟ್ಟು ಒತ್ತಿಸಬೇಡಿ. ಚಿಕಿತ್ಸೆ, ದೇಹದ ಪರೀಕ್ಷೆ, ಸಾಕ್ಷ್ಯದ ಮಾದರಿ, ಈ ಮೂರಕ್ಕೂ ಬೇರೆ ಬೇರೆಯಾಗಿ ಹೂಂ ಅಥವಾ ಬೇಡ ಎನ್ನಬಹುದು. ಚಿಕಿತ್ಸೆ ಸಾಕು, ಮಾದರಿ ಬೇಡ ಎಂದರೂ ಸರಿ. ಪರೀಕ್ಷೆಯ ನಡುವೆ ತಡೆಯಲಾಗದಿದ್ದರೆ ನಿಲ್ಲಿಸಿ ಎನ್ನುವ ಹಕ್ಕೂ ಇದೆ. ಕೋಣೆಯೊಳಗೆ ಪೊಲೀಸರು ಇರಕೂಡದು, ಆಕೆ ನಂಬುವ ಒಬ್ಬರು ಇರಬಹುದು. ಎರಡು ಬೆರಳಿನ ಪರೀಕ್ಷೆ (ಯೋನಿಯೊಳಗೆ ಬೆರಳಿಟ್ಟು ನೋಡುವುದು) ಮಾಡುವವರನ್ನು ದುರ್ನಡತೆಯ ತಪ್ಪಿತಸ್ಥರೆಂದು ಪರಿಗಣಿಸಬೇಕೆಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ಹೇಳಿದೆ. ಆ ಮಾತು ಬಂದರೆ ಖಡಾಖಂಡಿತವಾಗಿ ಬೇಡ ಎನ್ನಿ.

ಮನೆಗೆ ಹೊರಡುವ ಮುಂಚೆ ಇವನ್ನು ಕೇಳಿ ಪಡೆದುಕೊಳ್ಳಿ. ಗರ್ಭ ತಡೆಯುವ ಮಾತ್ರೆ: 72 ಗಂಟೆಯೊಳಗೆ ಹೆಚ್ಚು ಫಲ, ಐದು ದಿನದವರೆಗೂ ಕೊಡಬಹುದು. ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಮತ್ತೆ ಕೊಡಬೇಕು. ಎಚ್‌ಐವಿ ತಡೆಯುವ ಮಾತ್ರೆ: ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು, 28 ದಿನ ಬಿಡದೆ ನುಂಗಬೇಕು. ವಾಕರಿಕೆ, ಸುಸ್ತು ಎಂದು ಮಧ್ಯದಲ್ಲೇ ಬಿಟ್ಟುಬಿಡುವವರು ಬಹಳ. ಬಿಡುವ ಬದಲು ವೈದ್ಯರಿಗೆ ಹೇಳಿದರೆ ವಾಕರಿಕೆಗೆ ಬೇರೆ ಮಾತ್ರೆ ಕೊಡುತ್ತಾರೆ. ಇವಲ್ಲದೆ ಲೈಂಗಿಕ ಸೋಂಕುಗಳಿಗೆ ಔಷಧಿ, ಹೆಪಟೈಟಿಸ್ ಬಿ ಲಸಿಕೆ, ಗಾಯವಿದ್ದರೆ ಟಿಟಿ. ಮುಂದಿನ ತಪಾಸಣೆಯ ತಾರೀಕನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ. ಎಂಎಲ್‌ಸಿ ನಂಬರ್ ಬರೆದಿಟ್ಟುಕೊಳ್ಳಿ, ವೈದ್ಯಕೀಯ ವರದಿಯ ಪ್ರತಿ ಉಚಿತವಾಗಿ ಕೇಳಿ.

ಮುಟ್ಟು ತಪ್ಪಿದರೆ ಕಾಯಬೇಡಿ. ಅತ್ಯಾಚಾರದಿಂದಾದ ಗರ್ಭವನ್ನು 24 ವಾರದವರೆಗೆ ಕಾನೂನುಬದ್ಧವಾಗಿ ತೆಗೆಸಬಹುದು, 20 ವಾರ ದಾಟಿದರೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. 18 ತುಂಬಿದವರಿಗೆ ಗಂಡನದ್ದಾಗಲಿ ತಂದೆಯದ್ದಾಗಲಿ ಸಹಿ ಬೇಕಿಲ್ಲ. 24 ವಾರ ಮೀರಿದರೆ ಹೈಕೋರ್ಟಿನವರೆಗೆ ಅಲೆಯಬೇಕಾದ ಪರಿಸ್ಥಿತಿ ಬರುತ್ತದೆ.

ಠಾಣೆಯಲ್ಲಿ

ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಇದಕ್ಕೆ ಝೀರೋ ಎಫ್‌ಐಆರ್ ಎನ್ನುತ್ತಾರೆ. ನಮ್ಮ ಜಿಲ್ಲೆಗೆ ಇದು ಬಹಳ ಮುಖ್ಯ. ಮುಳಬಾಗಿಲಿನ ಹುಡುಗಿಗೆ ಆಂಧ್ರದ ಕಡೆ ಅನ್ಯಾಯವಾಗಿರಬಹುದು, ಬಂಗಾರಪೇಟೆಯಿಂದ ದಿನಾ ಬೆಂಗಳೂರಿಗೆ ಹೋಗುವವರಿಗೆ ರೈಲಿನಲ್ಲೇ ಆಗಿರಬಹುದು. "ನಮ್ಮ ಸರಹದ್ದಲ್ಲ" ಎಂದು ಕಳಿಸುವಂತಿಲ್ಲ. ಅವರೇ ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ವರ್ಗಾಯಿಸಬೇಕು.

ಆಕೆಯ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಮಾತು ತೆಲುಗು, ಕೆಜಿಎಫ್‌ನಲ್ಲಿ ಎಷ್ಟೋ ಮನೆಗಳಲ್ಲಿ ತಮಿಳು. ಆಕೆ ತನ್ನ ಭಾಷೆಯಲ್ಲೇ ಹೇಳಲಿ. ಬರೆದದ್ದನ್ನು ಓದಿಸಿ, ಆಕೆಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿಸಿ, ಆಮೇಲೆ ಸಹಿ. "ಎಳೆದಾಡಿದರು" ಎಂಬ ಒಂದು ಸಾಲಿನಲ್ಲಿ ಮುಗಿದುಹೋದ ದೂರಿನಿಂದ ಮುಂದೆ ಕೋರ್ಟಿನಲ್ಲಿ ಕೇಸು ಸಡಿಲವಾಗುತ್ತದೆ. ನಡೆದದ್ದನ್ನು, ಎಷ್ಟೇ ಮುಜುಗರವಾದರೂ, ಆಕೆ ಹೇಳಿದ ಮಾತಿನಲ್ಲೇ ಬರೆಸಬೇಕು. ತಾರೀಕು, ಹೊತ್ತು ಸರಿಯಾಗಿ ನೆನಪಿಲ್ಲದಿದ್ದರೆ ಅಂದಾಜು ಎಂದೇ ಬರೆಸಿ. ಊಹಿಸಿ ಖಚಿತವಾಗಿ ಹೇಳಿದ್ದು ಪಾಟೀಸವಾಲಿನಲ್ಲಿ ತಿರುಗಿ ಬರುತ್ತದೆ. ಅಂಗವೈಕಲ್ಯ ಇರುವವರಾದರೆ ಅವರ ಮನೆಯಲ್ಲೋ ಅವರು ಬಯಸಿದ ಕಡೆಯೋ, ಅವರ ಮಾತು ತಿಳಿಯುವವರ ಎದುರು, ವಿಡಿಯೋ ಮಾಡಿ ಹೇಳಿಕೆ ಪಡೆಯಬೇಕು.

ಎಫ್‌ಐಆರ್ ಪ್ರತಿ ಉಚಿತ, ಪಡೆಯದೆ ಬರಬೇಡಿ. ಬರೀ ಅರ್ಜಿ ಇಸಿದುಕೊಂಡು ಸ್ವೀಕೃತಿ ಚೀಟಿ ಕೊಟ್ಟರೆ ಅದು ಎಫ್‌ಐಆರ್ ಅಲ್ಲ. ದೂರು ದಾಖಲಿಸದಿದ್ದರೆ ಬರಹದಲ್ಲಿ ರಿಜಿಸ್ಟರ್ಡ್ ಅಂಚೆಯ ಮೂಲಕ ಎಸ್‌ಪಿಗೆ ಕಳಿಸಿ. ಇಲ್ಲೊಂದು ಗಮನಿಸಬೇಕಾದ ಸಂಗತಿ ಇದೆ: ಕೆಜಿಎಫ್, ಬಂಗಾರಪೇಟೆ ಕಡೆಯ ಠಾಣೆಗಳು ಕೋಲಾರ ಎಸ್‌ಪಿ ಕೆಳಗೆ ಬರುವುದಿಲ್ಲ, ಕೆಜಿಎಫ್ ಬೇರೆಯೇ ಪೊಲೀಸ್ ಜಿಲ್ಲೆ. ಎಸ್‌ಪಿ ಹತ್ತಿರವೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ಅತ್ಯಾಚಾರದ ದೂರು ದಾಖಲಿಸದ ಅಧಿಕಾರಿಗೆ ನ್ಯಾಯ ಸಂಹಿತೆಯ 199ನೇ ಕಲಂ ಪ್ರಕಾರ ಆರು ತಿಂಗಳಿಗೆ ಕಡಿಮೆಯಿಲ್ಲದ ಶಿಕ್ಷೆ ಇದೆ.

ಕೆಲವೇ ದಿನಗಳಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ಇನ್ನೊಂದು ಹೇಳಿಕೆ ಇರುತ್ತದೆ, ಸಾಧ್ಯವಾದಷ್ಟು ಮಹಿಳಾ ಮ್ಯಾಜಿಸ್ಟ್ರೇಟರೇ ಪಡೆಯಬೇಕು. ಈ ನಡುವೆಯೇ ಹಿರಿಯರು, ನೆಂಟರು ರಾಜಿಗೆ ಬರುತ್ತಾರೆ: ಮದುವೆ ಮಾಡಿಬಿಡೋಣ, ದುಡ್ಡು ಕೊಡಿಸೋಣ, ಊರ ಮರ್ಯಾದೆ. ಅತ್ಯಾಚಾರ ರಾಜಿಯಾಗುವ ಅಪರಾಧವೇ ಅಲ್ಲ. ಪಂಚಾಯ್ತಿಯಲ್ಲಿ ಬರೆಸಿಕೊಂಡ ಕಾಗದದಿಂದ ಕೇಸು ಮುಗಿಯುವುದಿಲ್ಲ. ಬೆದರಿಕೆ ಬಂದರೆ ಪ್ರತಿ ಸಲವೂ ಬರಹದಲ್ಲಿ ತನಿಖಾಧಿಕಾರಿಗೆ ಕೊಡಿ. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಸಾಕ್ಷಿ ರಕ್ಷಣೆ ಕೋರಿ ಅರ್ಜಿಯನ್ನೂ ಹಾಕಬಹುದು. ಆಕೆಯ ಹೆಸರು, ಫೋಟೋ, ಮನೆ ಗುರುತು ಸಿಗುವ ಯಾವುದೂ ವಾಟ್ಸಾಪ್ ಗುಂಪಿಗೆ ಹೋಗಬಾರದು. ನ್ಯಾಯ ಕೇಳುವ ಪೋಸ್ಟ್ ಆದರೂ ಅಪರಾಧವೇ.

ದೌರ್ಜನ್ಯಕ್ಕೆ ಒಳಗಾದದ್ದು ಮಗುವಾದರೆ

18 ತುಂಬದ ಹುಡುಗಿಗೂ ಹುಡುಗನಿಗೂ ಪೋಕ್ಸೋ, ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆಯೇ ಅನ್ವಯ. ಕರೆ ಮಕ್ಕಳ ಸಹಾಯವಾಣಿ 1098ಕ್ಕೆ. ಇಲ್ಲಿ ದೂರು ಕೊಡುವುದು ಬಿಡುವುದು ದೊಡ್ಡವರ ಇಷ್ಟವಲ್ಲ, ವಿಷಯ ತಿಳಿದವರು ತಿಳಿಸಲೇಬೇಕು. ಮುಚ್ಚಿಟ್ಟ ಶಾಲೆ, ಹಾಸ್ಟೆಲ್ ಮುಖ್ಯಸ್ಥರಿಗೂ ಶಿಕ್ಷೆ ಇದೆ. ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಮಗು ಬಯಸಿದ ಕಡೆಯೋ, ಸಮವಸ್ತ್ರವಿಲ್ಲದೆ ಬಂದು ಪಡೆಯಬೇಕು. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಆ ಸಮಿತಿಯನ್ನು ಎರಡು ವಿಷಯ ಕೇಳಿ: ತನಿಖೆ, ವಿಚಾರಣೆ ಮುಗಿಯುವವರೆಗೂ ಜೊತೆಗಿರುವ ಬೆಂಬಲ ವ್ಯಕ್ತಿ, ಮತ್ತು ಊಟ, ಬಟ್ಟೆ, ಓಡಾಟದ ಖರ್ಚಿಗೆ ತಕ್ಷಣದ ಹಣ. ಶಿಫಾರಸು ಆದ ಒಂದು ವಾರದಲ್ಲಿ ಆ ಹಣ ಕೈಸೇರಬೇಕೆಂಬ ನಿಯಮ 2020ರಿಂದ ಇದೆ. ಕೇಳದಿದ್ದರೆ ಸಾಮಾನ್ಯವಾಗಿ ಯಾರೂ ನೆನಪಿಸುವುದಿಲ್ಲ.

ಸಖಿ ಕೇಂದ್ರ, ಉಚಿತ ವಕೀಲರು, ಪರಿಹಾರ

ಮನೆಗೆ ಹಿಂದಿರುಗುವುದೇ ಅಪಾಯವಾದರೆ, ಅಥವಾ ಎಲ್ಲಿಂದ ಶುರು ಮಾಡಬೇಕೋ ತೋಚದಿದ್ದರೆ, ಜಿಲ್ಲಾ ಕೇಂದ್ರದ ಸಖಿ ಒನ್ ಸ್ಟಾಪ್ ಸೆಂಟರ್‌ಗೆ ಹೋಗಿ. 181ಕ್ಕೆ ಕರೆ ಮಾಡಿದರೆ ಜೋಡಿಸುತ್ತಾರೆ. ಹಗಲು ರಾತ್ರಿ ತೆರೆದಿರಬೇಕಾದ ಜಾಗ. ಆಪ್ತಸಮಾಲೋಚನೆ, ವೈದ್ಯರು, ಪೊಲೀಸರು, ವಕೀಲರ ಸಂಪರ್ಕ, ಐದು ದಿನದವರೆಗೆ ತಂಗಲು ವ್ಯವಸ್ಥೆ. ಅದಕ್ಕಿಂತ ಹೆಚ್ಚು ದಿನ ಬೇಕಾದರೆ ಶಕ್ತಿ ಸದನಕ್ಕೆ (ಸಂಕಷ್ಟದಲ್ಲಿರುವ ಮಹಿಳೆಯರ ಆಶ್ರಯಧಾಮ) ಕಳಿಸುತ್ತಾರೆ. ತಾಲ್ಲೂಕಿನಲ್ಲಿ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ. ಗಂಡನಿಂದಲೇ ಹಿಂಸೆಯಾಗುತ್ತಿದ್ದರೆ ಆ ಅಧಿಕಾರಿಯೇ ಸಂರಕ್ಷಣಾಧಿಕಾರಿ. 18 ತುಂಬಿದ ಹೆಂಡತಿಯ ಮೇಲಿನ ಬಲಾತ್ಕಾರ ಅತ್ಯಾಚಾರದ ಕಲಂ ಅಡಿ ಬರುವುದಿಲ್ಲ, ಆದರೆ 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಲೈಂಗಿಕ ಹಿಂಸೆ ಸ್ಪಷ್ಟವಾಗಿ ಸೇರಿದೆ.

ನರಸಾಪುರ, ವೇಮಗಲ್ ಕಾರ್ಖಾನೆಗಳಲ್ಲಿ ದುಡಿಯುವವರು ಲೈಂಗಿಕ ಕಿರುಕುಳದ ಲಿಖಿತ ದೂರನ್ನು ಮೂರು ತಿಂಗಳೊಳಗೆ ಕಾರ್ಖಾನೆಯ ಆಂತರಿಕ ಸಮಿತಿಗೆ ಕೊಡಬೇಕು. ಹತ್ತಕ್ಕಿಂತ ಕಡಿಮೆ ಜನರಿರುವ ಕಡೆ, ಅಥವಾ ಮಾಲೀಕನ ಮೇಲೇ ದೂರಿದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ. ಗುತ್ತಿಗೆ ಕೆಲಸದವರಿಗೂ ಈ ಹಕ್ಕಿದೆ. ಠಾಣೆಯ ದಾರಿ ಇದರಿಂದ ಮುಚ್ಚಿಹೋಗುವುದಿಲ್ಲ.

ವಕೀಲರಿಗೆ ಹಣ ಹೊಂದಿಸಬೇಕಿಲ್ಲ. ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಕಾನೂನು ನೆರವು ಉಚಿತ. ಕೋಲಾರದ ಕೋರ್ಟ್ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಕೇಸು ನಡೆಸುವುದು ಸರ್ಕಾರಿ ಅಭಿಯೋಜಕರೇ ಆದರೂ, ಆಕೆಯ ಪರವಾಗಿ ಕಾಗದ ನೋಡಲು, ಜಾಮೀನು ಅರ್ಜಿ ಬಂದಾಗ ಆಕ್ಷೇಪ ಹಾಕಲು ಒಬ್ಬ ವಕೀಲರಿರುವುದು ದೊಡ್ಡ ಬಲ.

ಪರಿಹಾರದ ಅರ್ಜಿಯೂ ಅಲ್ಲೇ. ತೀರ್ಪು ಬರುವವರೆಗೆ ಕಾಯುವ ಅಗತ್ಯವಿಲ್ಲ, ಮಧ್ಯಂತರ ಪರಿಹಾರ ಕೇಳಬಹುದು. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ 2018ರ ಯೋಜನೆಯಲ್ಲಿ ಅತ್ಯಾಚಾರಕ್ಕೆ 4ರಿಂದ 7 ಲಕ್ಷ, ಸಾಮೂಹಿಕ ಅತ್ಯಾಚಾರಕ್ಕೆ 5ರಿಂದ 10 ಲಕ್ಷ ರೂಪಾಯಿ ಎಂದಿದೆ. ಅದರಲ್ಲಿ 75 ಭಾಗ ಠೇವಣಿಯಾಗಿ, 25 ಭಾಗ ಖರ್ಚಿಗೆ. ಎಫ್‌ಐಆರ್ ಪ್ರತಿ, ವೈದ್ಯಕೀಯ ಕಾಗದ, ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್ ಜೊತೆಗಿಡಿ. ಖಾತೆ ಆಕೆಯ ಹೆಸರಿನಲ್ಲಿರಲಿ, ಮಾವನದ್ದೋ ಅಣ್ಣನದ್ದೋ ಬೇಡ. ಪರಿಶಿಷ್ಟ ಜಾತಿ, ಪಂಗಡದವರ ಮೇಲೆ ಆ ಜಾತಿ, ಪಂಗಡಗಳಿಗೆ ಸೇರದವರು ಎಸಗಿದ್ದಾದರೆ ದೌರ್ಜನ್ಯ ತಡೆ ಕಾಯ್ದೆಯ ಕಲಂಗಳು ಎಫ್‌ಐಆರ್‌ನಲ್ಲಿ ಸೇರಿವೆಯೇ ನೋಡಿ. ಅದಕ್ಕೆ ಸಮಾಜ ಕಲ್ಯಾಣ ಇಲಾಖೆಯ ಪರಿಹಾರ ಬೇರೆಯೇ ಇದೆ.

ವಯಸ್ಕ ಗಂಡಸರಿಗೆ ಅತ್ಯಾಚಾರದ ಕಲಂ ಅನ್ವಯಿಸದಿದ್ದರೂ ಚಿಕಿತ್ಸೆ, ಎಚ್‌ಐವಿ ಮಾತ್ರೆ ಎಲ್ಲ ಅದೇ. ಲಿಂಗತ್ವ ಅಲ್ಪಸಂಖ್ಯಾತರು ತಮ್ಮ ಹಕ್ಕುಗಳ ರಕ್ಷಣೆಯ 2019ರ ಕಾಯ್ದೆಯಡಿ ದೂರು ಕೊಡಬಹುದು.

ನಿದ್ದೆ ಬಾರದಿರುವುದು, ಬೆಚ್ಚಿಬೀಳುವುದು, ಸಾಯಬೇಕೆನಿಸುವುದು ವಾರಗಳು ಕಳೆದ ಮೇಲೂ ಕಾಣಿಸಿಕೊಳ್ಳಬಹುದು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಯಾವ ಹೊತ್ತಿಗಾದರೂ ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಬಂದರೆ ಒಂಟಿಯಾಗಿ ಬಿಡಬೇಡಿ. ಕೀಟನಾಶಕ ಮನೆಯಲ್ಲಿದ್ದರೆ ಬೇರೆ ಕಡೆ ಸಾಗಿಸಿ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಅಂದೇ ಕರೆದೊಯ್ಯಿರಿ.

ಎಲ್ಲ ಕಾಗದಗಳನ್ನೂ ಒಂದು ಫೈಲಿನಲ್ಲಿಟ್ಟು, ಎರಡನೇ ಪ್ರತಿಯನ್ನು ನಂಬಿಕಸ್ಥರ ಮನೆಯಲ್ಲಿಡಿ. ಊರು ಅಥವಾ ಫೋನ್ ನಂಬರ್ ಬದಲಾದರೆ ತನಿಖಾಧಿಕಾರಿಗೂ ವಕೀಲರಿಗೂ ಬರಹದಲ್ಲಿ ತಿಳಿಸಿ. ಸಮನ್ಸ್ ಹಳೇ ವಿಳಾಸಕ್ಕೆ ಹೋಗಿ ಆಕೆಯ ಕೈ ತಲುಪದೆ ಎಷ್ಟೋ ಕೇಸುಗಳು ವರ್ಷಗಟ್ಟಲೆ ನಿಂತುಬಿಡುತ್ತವೆ.