ಕೊನೆಯ ನಲ್ಲಿಯ ಮೊದಲ ನೀರು

ಊರಿಗೆ ನೀರು ಬಿಡುವ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಕ್ಲೋರಿನ್ ನೋಡುತ್ತಿದ್ದದ್ದು ಟ್ಯಾಂಕಿನ ಬುಡದ ನಲ್ಲಿಯಲ್ಲಿ ಮಾತ್ರ. ಅಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಸಿಕ್ಕರೆ ಪುಸ್ತಕದಲ್ಲಿ ಬರೆದು ವಾಲ್ವ್ ತಿರುಗಿಸುತ್ತಿದ್ದೆ. ಕೊನೆಯ ಬೀದಿಯ ಮೂರು ಮನೆಗಳಲ್ಲಿ ಒಂದೇ ವಾರ ಮಕ್ಕಳಿಗೆ ವಾಂತಿಭೇದಿ ಶುರುವಾದಾಗ ಆ ಪುಸ್ತಕ ತೆಗೆದು ನೋಡಿದೆ. ಒಂದು ದಿನವೂ ಲೆಕ್ಕ ತಪ್ಪಿರಲಿಲ್ಲ.

ಮೊದಲ ಅನುಮಾನ ಬ್ಲೀಚಿಂಗ್ ಪೌಡರ್ ಮೇಲೆ ಬಂತು. ಹೊಸ ಪೌಡರಿನಲ್ಲಿ ಕ್ಲೋರಿನ್ ಶೇ 30ರ ಆಸುಪಾಸು ಇರುತ್ತದೆ. ಚೀಲದ ಬಾಯಿ ತೆರೆದಿಟ್ಟರೆ ತೇವಕ್ಕೆ, ಬಿಸಿಗೆ ಬೇಗ ಸತ್ವ ಕಳೆದುಕೊಳ್ಳುತ್ತದೆ. ನಮ್ಮದು ಪಂಪ್ ಹೌಸಿನ ಮೂಲೆಯಲ್ಲಿ ಗಂಟುಗಟ್ಟಿತ್ತು. ಹೊಸದು ತರಿಸಿ ಬಿಗಿ ಮುಚ್ಚಳದ ಡ್ರಮ್ಮಿನಲ್ಲಿಟ್ಟೆ. ಲೆಕ್ಕ ಕಷ್ಟದ್ದಲ್ಲ: 50,000 ಲೀಟರಿನ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಂನಂತೆ 100 ಗ್ರಾಂ ಕ್ಲೋರಿನ್ ಬೇಕು. ಪೌಡರಿನ ಸತ್ವ ಶೇ 25 ಅಂತ ಹಿಡಿದರೆ 400 ಗ್ರಾಂ ಪೌಡರ್. ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿಯಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಟ್ಯಾಂಕ್ ತುಂಬುತ್ತಿರುವಾಗ ಸುರಿಯುತ್ತೇನೆ. ಆಮೇಲೆ ಅರ್ಧ ಗಂಟೆಯಾದರೂ ವಾಲ್ವ್ ಮುಟ್ಟುವುದಿಲ್ಲ. ನೀರು ರಾಡಿಯಾಗಿದ್ದರೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ, ಹಾಕಿದ ಕ್ಲೋರಿನ್ನನ್ನೆಲ್ಲ ಕೊಳೆಯೇ ತಿಂದುಬಿಡುತ್ತದೆ.

ಇಷ್ಟಾದ ಮೇಲೆ ಕ್ಲೋರಿನ್ ಅಳೆಯುವ ಕಿಟ್ ಹಿಡಿದು ಕೊನೆಯ ಮನೆಗೆ ಹೋದೆ. ನೀರು ಬಿಟ್ಟು ಒಂದು ಗಂಟೆಯಾಗಿತ್ತು. ಟ್ಯೂಬಿನಲ್ಲಿ ತೆಳು ಗುಲಾಬಿ ಬಣ್ಣ, 0.3. ಮನೆಗೆ ಬರುವ ನೀರಿನಲ್ಲಿ ಕನಿಷ್ಠ 0.2 ಇರಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. "ನೀರು ಚೆನ್ನಾಗೇ ಇದೆಯಲ್ಲಜ್ಜೀ" ಅಂದೆ.

"ಈಗ ಚೆನ್ನಾಗಿದೆ ಕಣಪ್ಪಾ. ಬಂದ ಕೂಡಲೇ ಹಿಡಿದು ನೋಡು. ಮೊದಲಿನ ಎರಡು ಕೊಡ ನಾನು ಚೆಲ್ಲಿಬಿಡ್ತೀನಿ, ವಾಸನೆ ಬರುತ್ತೆ."

ಮರುದಿನ ವಾಲ್ವ್ ತೆರೆಯಲು ಜೊತೆಗಾರನನ್ನು ಬಿಟ್ಟು, ನಾನು ಆ ನಲ್ಲಿಯ ಮುಂದೆ ಕೂತೆ. ಗಾಳಿ ಬುಸುಗುಟ್ಟಿ ನೀರು ಬಂತು. ಟ್ಯೂಬಿಗೆ ಹಿಡಿದು ಮಾತ್ರೆ ಹಾಕಿದೆ, ಅದು ಪುಡಿಪುಡಿಯಾಗಿ ಕರಗಿತು, ಬಣ್ಣವೇ ಬರಲಿಲ್ಲ, ಅಂದರೆ ಕ್ಲೋರಿನ್ನೇ ಇಲ್ಲ. ಕಾಲು ಗಂಟೆ ಬಿಟ್ಟು ಹಿಡಿದ ನೀರು ಗುಲಾಬಿಯಾಯಿತು.

ಆಗ ಹೊಳೆಯಿತು. ನೀರು ನಿಲ್ಲಿಸಿದ ಮೇಲೆ ಪೈಪಿನ ಒತ್ತಡ ಇಳಿಯುತ್ತದೆ. ನೀರು ಬಿಟ್ಟಾಗ ಸೋರುವ ಜಾಗವೇ ಆಗ ಹೊರಗಿನ ಕೊಳೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಮೊದಲ ನೀರು ಸಿಗುವುದು ದಿನಕ್ಕೊಂದೇ ಸಲ, ಹಾಗಾಗಿ ದಿನಕ್ಕೊಂದು ನಲ್ಲಿಯಂತೆ ಹಿಂದಕ್ಕೆ ಬಂದೆ. ನಾಲ್ಕನೆಯ ದಿನ ಒಂದು ನಲ್ಲಿಯ ಮೊದಲ ನೀರಿಗೇ ಬಣ್ಣ ಬಂತು. ಅದರ ಮತ್ತು ಹಿಂದಿನ ದಿನ ನೋಡಿದ ನಲ್ಲಿಯ ನಡುವೆ ಪೈಪು ಚರಂಡಿಯೊಳಗೇ ಹಾದುಹೋಗಿತ್ತು. ಕೆಸರು ಸರಿಸಿ ಕೈಯಾಡಿಸಿದರೆ ಜಾಯಿಂಟ್ ಬಾಯಿಬಿಟ್ಟಿತ್ತು.

ಆ ತುಂಡು ಕತ್ತರಿಸಿ, ಚರಂಡಿಯ ಮೇಲಿಂದ ಹೊಸ ಪೈಪ್ ಹಾಯಿಸಿದೆವು. ರಾತ್ರಿಯಿಡೀ ಲೈನಿನಲ್ಲಿ ಗಟ್ಟಿ ಕ್ಲೋರಿನ್ ನೀರು ನಿಲ್ಲಿಸಿ, ಬೆಳಿಗ್ಗೆ ಕೊನೆಯ ವಾಲ್ವಿನಿಂದ ಪೂರ್ತಿ ಹೊರಬಿಟ್ಟೆವು. ಇದೆಲ್ಲ ನಡೆಯುವಾಗ, ಲ್ಯಾಬಿನ ವರದಿ ಬರುವವರೆಗೂ, ನೀರು ಕೊತಕೊತ ಕುದಿಸಿ ಕುಡಿಯಿರಿ ಅಂತ ಮನೆಮನೆಗೆ ಹೇಳಿಬಂದೆ. ವರದಿ ಬಂತು, 100 ಮಿಲಿಲೀಟರಿನಲ್ಲಿ ಇ-ಕೋಲೈ, ಅಂದರೆ ಮಲ ಬೆರೆತದ್ದನ್ನು ತೋರಿಸುವ ಬ್ಯಾಕ್ಟೀರಿಯಾ, ಇಲ್ಲ.

ಈಗ ಪುಸ್ತಕದಲ್ಲಿ ಎರಡು ಕಾಲಂ ಇವೆ, ಟ್ಯಾಂಕಿನದೊಂದು, ಅಜ್ಜಿಯ ನಲ್ಲಿಯ ಮೊದಲ ನೀರಿನದೊಂದು. ಎರಡು ಕೊಡ ಚೆಲ್ಲುವುದನ್ನು ಅವರಿನ್ನೂ ಬಿಟ್ಟಿಲ್ಲ. ಬಿಡಿ ಅಂತ ನಾನೂ ಹೇಳಿಲ್ಲ.