ಚಿತ್ರದುರ್ಗದ ಪಿನ್‌ಕೋಡ್ ಅವಿಭಾಜ್ಯವೇ? ಕೈಲೆಕ್ಕದಲ್ಲಿ ಪರೀಕ್ಷಿಸುವ ಬಗೆ

ಚಿತ್ರದುರ್ಗದ ಪ್ರಧಾನ ಅಂಚೆ ಕಚೇರಿಯ ಪಿನ್‌ಕೋಡ್ 577501. ಈ ಸಂಖ್ಯೆ ಅವಿಭಾಜ್ಯವೇ, ಅಲ್ಲದಿದ್ದರೆ ಅದರ ಅಪವರ್ತನಗಳು ಯಾವುವು ಎಂಬುದನ್ನು ಪ್ರೌಢಶಾಲೆಯ ಗಣಿತ ಬಲ್ಲ ಯಾರಾದರೂ ಕ್ಯಾಲ್ಕುಲೇಟರ್ ಇಲ್ಲದೆ ಕಂಡುಹಿಡಿಯಬಹುದು.

ಮೊದಲು ಎಲ್ಲಿಯವರೆಗೆ ಹುಡುಕಬೇಕೆಂದು ನಿಶ್ಚಯಿಸಿಕೊಳ್ಳಬೇಕು. ಯಾವ ಸಂಖ್ಯೆಯನ್ನಾದರೂ ಎರಡು ಅಪವರ್ತನಗಳ ಗುಣಲಬ್ಧವಾಗಿ ಬರೆದಾಗ, ಅವುಗಳಲ್ಲಿ ಒಂದಾದರೂ ಅದರ ವರ್ಗಮೂಲವನ್ನು ಮೀರುವುದಿಲ್ಲ. 760ರ ವರ್ಗ 577600. ಆದ್ದರಿಂದ 759ರವರೆಗಿನ 134 ಅವಿಭಾಜ್ಯಗಳನ್ನು ಪರೀಕ್ಷಿಸಿದರೆ ಸಾಕು. ಎರಟೋಸ್ತನೀಸನ ಜರಡಿಯಿಂದ, ಅಂದರೆ ಪ್ರತಿ ಅವಿಭಾಜ್ಯದ ಗುಣಿತಗಳನ್ನು ಹೊಡೆದುಹಾಕುತ್ತಾ ಉಳಿದವನ್ನು ಆರಿಸುವ ವಿಧಾನದಿಂದ, ಅವುಗಳ ಪಟ್ಟಿಯನ್ನು ಮೊದಲೇ ಸಿದ್ಧಪಡಿಸಿಟ್ಟುಕೊಳ್ಳಿ.

ಭಾಗಾಕಾರಕ್ಕೆ ಕೈಹಾಕುವ ಮುನ್ನ ಪಕ್ಕದ ಸಂಖ್ಯೆಯನ್ನು ಗಮನಿಸಬೇಕು. ನನ್ನ ಅಭಿಪ್ರಾಯದಲ್ಲಿ ವಿದ್ಯಾರ್ಥಿಗಳಿಗೆ ಎಲ್ಲಕ್ಕಿಂತ ಮೊದಲು ಕಲಿಸಬೇಕಾದ ಅಭ್ಯಾಸವಿದು. 577500 ಎಂದರೆ 2² × 3 × 5⁴ × 7 × 11. ಹೀಗಾಗಿ 577501ನ್ನು 2, 3, 5, 7, 11 ಇವುಗಳಲ್ಲಿ ಯಾವುದರಿಂದ ಭಾಗಿಸಿದರೂ ಶೇಷ 1 ಉಳಿಯುತ್ತದೆ, ಐದು ಪರೀಕ್ಷೆಗಳು ಒಂದೇ ಸಲಕ್ಕೆ ಮುಗಿಯುತ್ತವೆ.

13ರಿಂದ ಮುಂದಕ್ಕೆ ಪಟ್ಟಿಯ ಕ್ರಮದಲ್ಲೇ ಭಾಗಿಸುತ್ತಾ ಹೋಗಬೇಕು. ಇಲ್ಲಿ ತಾಳ್ಮೆಯ ಹೊರತು ಬೇರೆ ಉಪಾಯವಿಲ್ಲ. ಒಂದು ಅವಿಭಾಜ್ಯವನ್ನೂ ಬಿಡದೆ, ಪ್ರತಿಯೊಂದರ ಮುಂದೆ ಶೇಷವನ್ನು ಬರೆದಿಡಿ. 199ಕ್ಕೆ ಬಂದಾಗ ಶೇಷ ಕೇವಲ 3 ಉಳಿಯುತ್ತದೆ, ಆದರೆ ಶೇಷ ಚಿಕ್ಕದೆಂಬ ಕಾರಣಕ್ಕೆ ಉತ್ತರ ಹತ್ತಿರವಿದೆ ಎಂದು ತಿಳಿಯಬಾರದು. ಪಟ್ಟಿಯ 58ನೆಯ ಅವಿಭಾಜ್ಯವಾದ 271ರಲ್ಲಿ ಫಲ ಸಿಗುತ್ತದೆ: 577ರಲ್ಲಿ 542 ಕಳೆದರೆ 35, 5 ಇಳಿಸಿದರೆ 355, ಅದರಲ್ಲಿ 271 ಕಳೆದರೆ 84, 0 ಇಳಿಸಿದರೆ 840, ಅದರಲ್ಲಿ 813 ಕಳೆದರೆ 27, ಕೊನೆಯ 1 ಇಳಿಸಿದಾಗ ಸರಿಯಾಗಿ 271 ಬಂದು ಶೇಷ ಸೊನ್ನೆಯಾಗುತ್ತದೆ. ಭಾಗಲಬ್ಧ 2131.

2131 ಅವಿಭಾಜ್ಯವೇ ಎಂದು ಮತ್ತೆ ಪರೀಕ್ಷಿಸಬೇಕಾಗಿಲ್ಲ. ಅದಕ್ಕೆ ಅಪವರ್ತನವಿದ್ದಿದ್ದರೆ 46ನ್ನು ಮೀರದ ಒಂದು ಅವಿಭಾಜ್ಯ ಅದನ್ನು ಭಾಗಿಸಬೇಕಿತ್ತು. ಅಂಥದು 577501ನ್ನೂ ಭಾಗಿಸುತ್ತಿತ್ತು, ಆದರೆ 271ಕ್ಕಿಂತ ಚಿಕ್ಕವನ್ನೆಲ್ಲ ನಾವು ಆಗಲೇ ತಳ್ಳಿಹಾಕಿದ್ದೇವೆ. ಶೇಷಗಳನ್ನು ಬರೆದಿಟ್ಟದ್ದರ ಪ್ರಯೋಜನ ಇಲ್ಲಿ ಕಾಣುತ್ತದೆ.

ಅಪವರ್ತನಗಳು ದೊರೆತ ಮೇಲೆ ಉಳಿದ ಗುಣಗಳು ಸುಲಭವಾಗಿ ತಿಳಿಯುತ್ತವೆ. 577501ಕ್ಕೆ ನಾಲ್ಕೇ ಭಾಜಕಗಳಿದ್ದರೆ ಪಕ್ಕದ 577500ಕ್ಕೆ 120 ಭಾಜಕಗಳಿವೆ. 271 ಮತ್ತು 2131 ಎರಡನ್ನೂ 4ರಿಂದ ಭಾಗಿಸಿದಾಗ ಶೇಷ 3 ಬರುವುದರಿಂದ, ಮತ್ತು ಅವು ಒಂದೊಂದೇ ಸಲ ಬಂದಿರುವುದರಿಂದ, ಈ ಸಂಖ್ಯೆಯನ್ನು ಎರಡು ಪೂರ್ಣಾಂಕಗಳ ವರ್ಗಗಳ ಮೊತ್ತವಾಗಿ ಬರೆಯಲಾಗದು. ವ್ಯತ್ಯಾಸವಾಗಿಯಾದರೆ ಬರೆಯಬಹುದು: ಎರಡು ಅಪವರ್ತನಗಳ ಮೊತ್ತದ ಅರ್ಧ 1201, ವ್ಯತ್ಯಾಸದ ಅರ್ಧ 930; 1201² − 930² = 577501.

ಇದೇ ಕ್ರಮವನ್ನು ದಾವಣಗೆರೆಯ 577001ಕ್ಕೆ ಅನ್ವಯಿಸಿದರೆ 23ರಲ್ಲೇ ಫಲ ಸಿಕ್ಕಿ ಭಾಗಲಬ್ಧ 25087 ಬರುತ್ತದೆ. ಆದರೆ ಅಲ್ಲಿ ಕೆಲಸ ಮುಗಿಯುವುದಿಲ್ಲ: 25087ರ ವರ್ಗಮೂಲ 158ಕ್ಕಿಂತ ಸ್ವಲ್ಪ ಹೆಚ್ಚಾದ್ದರಿಂದ 23ರಿಂದ 157ರವರೆಗಿನ ಅವಿಭಾಜ್ಯಗಳನ್ನು ಪರೀಕ್ಷಿಸಿದ ಮೇಲೆಯೇ ಅದು ಅವಿಭಾಜ್ಯವೆಂದು ಖಚಿತವಾಗುತ್ತದೆ.